ಗುಡಿಸಿನ ಜಾಗದಲ್ಲಿ ಕೊಂಬು

ಅಂಗಡಿಯಲ್ಲಿ ಅವನು ಕೋ ತಿಹಾ, ಊರಿನಲ್ಲಿ ನಾಯ್ ಸೀಹ. ಕೋ, ನಾಯ್ ಎರಡೂ ಹೆಸರಿನ ಮುಂದೆ ಸೇರಿಸುವ ಗೌರವದ ಮಾತು; ಹೆಸರು ಒಂದೇ, ಸಿಂಹ ಅಂತಲೇ ಅರ್ಥ. ಅವನ ಕಡೆಯ ಮೊನ್ ಜನ ಸೀಹ ಅನ್ನುವುದನ್ನು ಬರ್ಮೀಯರು ತಿಹಾ ಅನ್ನುತ್ತಾರೆ. ಯಾಂಗೋನಿಗೆ ಬಂದ ಹೊಸದರಲ್ಲಿ ಯಜಮಾನರಾದ ಊ ಸೋ ನೈಂಗ್ ಗಿರಾಕಿಗಳ ನಾಲಿಗೆಗೆ ಸಲೀಸಾಗಲಿ ಅಂತ ಹಾಗೆ ಕರೆದರು, ಅದೇ ನಿಂತಿತು. ಅವನಿಗೇನೂ ಬೇಸರವಾಗಲಿಲ್ಲ. ತನ್ನೂರು ಬಿಲು ದ್ವೀಪದಲ್ಲಿ ಅಪ್ಪನ ಜೊತೆ ಸ್ಲೇಟಿನ ಕಲ್ಲು ಉಜ್ಜಿ ಉಜ್ಜಿ ಬೆರಳ ತುದಿ ಸವೆಸಿಕೊಂಡಿದ್ದವನಿಗೆ, ಫ್ಯಾನಿನ ಗಾಳಿಯಲ್ಲಿ ನಿಂತು ಫೋನು ಮಾರುವ ಕೆಲಸ ಸಿಕ್ಕಿದ್ದೇ ದೊಡ್ಡದಾಗಿತ್ತು.

ಸಿಮ್ ಕಾರ್ಡಿನ ಬೆಲೆ ದಿಢೀರನೆ ಇಳಿದ ವರ್ಷ ಅದು. ಅದುವರೆಗೆ ಫೋನು ಮುಟ್ಟಿ ನೋಡದವರೆಲ್ಲ ಅಂಗಡಿಗೆ ಮುಗಿಬಿದ್ದರು. ಹೊರದೇಶದಿಂದ ಬಂದ ಫೋನುಗಳಲ್ಲಿ ಬರ್ಮೀ ಅಕ್ಷರ ನೆಟ್ಟಗೆ ಮೂಡುತ್ತಿರಲಿಲ್ಲ. ಅಂಗಡಿಯವರೇ ಫಾಂಟು ಹಾಕಿಕೊಡಬೇಕು. ಆ ಕೆಲಸದಲ್ಲಿ ಸೀಹನದು ಎತ್ತಿದ ಕೈ. ಗಿರಾಕಿ ಪಕ್ಕದ ಟೀ ಅಂಗಡಿಯಲ್ಲಿ ಒಂದು ಲೋಟ ಟೀ ಕುಡಿದು ಬರುವಷ್ಟರಲ್ಲಿ ಫೋನು ಬರ್ಮೀ ಮಾತಾಡುತ್ತಿತ್ತು. ಎಲ್ಲರೂ ಕೇಳುತ್ತಿದ್ದದ್ದು ಒಂದೇ ಫಾಂಟು, ಪೇಟೆಯಲ್ಲೆಲ್ಲ ಓಡುತ್ತಿದ್ದದ್ದು.

ಆ ಫಾಂಟಿನಲ್ಲಿ ಒಂದು ಐಬಿತ್ತು. ಅದು ಸೀಹನಿಗೆ ಗೊತ್ತೂ ಇತ್ತು. ಫೋನಿಗೆ ಅಕ್ಷರದ ಆಕಾರ ಗೊತ್ತಿರುವುದಿಲ್ಲ, ಅದು ನೆನಪಿಡುವುದು ಸಂಖ್ಯೆಯನ್ನು. ಕಕಾರಕ್ಕೆ ಇಂಥ ಸಂಖ್ಯೆ, ಗುಡಿಸಿಗೆ ಇಂಥದ್ದು, ಕೊಂಬಿಗೆ ಇಂಥದ್ದು ಅಂತ ಲೋಕಕ್ಕೆಲ್ಲ ಒಂದೇ ಕಟ್ಟಳೆ ಮಾಡಿಟ್ಟಿದ್ದಾರೆ. ಬರ್ಮೀ, ಮೊನ್, ಶಾನ್, ಕರೆನ್ ಎಲ್ಲವೂ ಒಂದೇ ಲಿಪಿಯ ಮನೆಯವಾದ್ದರಿಂದ ಒಂದೇ ಸಾಲಿನಲ್ಲಿ ಅವುಗಳಿಗೆ ಜಾಗ. ಮೊನ್ ಭಾಷೆಯ ಈಕಾರದ ಗುಡಿಸು ಬರ್ಮೀಯದಕ್ಕಿಂತ ಬೇರೆ. ಅದಕ್ಕೂ ಆ ಸಾಲಿನಲ್ಲಿ ತನ್ನದೇ ಒಂದು ಕುರ್ಚಿ ಇತ್ತು. ಆದರೆ ಪೇಟೆಯ ಫಾಂಟು ಮಾಡಿದವರ ಕಣ್ಣಿಗೆ ಬಿದ್ದದ್ದು ಬರ್ಮೀ ಒಂದೇ. ಬರ್ಮೀಯಲ್ಲಿ ಅಕ್ಷರದ ಕೆಳಗೆ ಒತ್ತು ಬಂದರೆ ಕೊಂಬನ್ನು ಪಕ್ಕಕ್ಕೆ ಸರಿಸಿ ಉದ್ದಕ್ಕೆ ಎಳೆಯಬೇಕು. ಆ ಉದ್ದ ಕೊಂಬಿಗೊಂದು ಜಾಗ ಬೇಕಾಯಿತು. ಖಾಲಿ ಕಂಡ ಕುರ್ಚಿಯಲ್ಲಿ ಕೂರಿಸಿದರು. ಅದು ಮೊನ್ ಈಕಾರದ ಕುರ್ಚಿ.

ಕೆಲಸಕ್ಕೆ ಸೇರಿದ ಮೇಲೆ ಕೈಯಲ್ಲಿ ಸ್ವಲ್ಪ ದುಡ್ಡು ಓಡಾಡಿದ ಕೂಡಲೇ ಸೀಹ ಅಕ್ಕನಿಗೊಂದು ಫೋನು ಕಳಿಸಿದ. ಅಕ್ಕ ಮಿ ಸಂದೀ ಅವನಿಗಿಂತ ಒಂಬತ್ತು ವರ್ಷ ದೊಡ್ಡವಳು. ಅಮ್ಮ ಬೇಗ ಹೋಗಿದ್ದರಿಂದ ಅವನನ್ನು ಎತ್ತಿ ಆಡಿಸಿದವಳೂ ಅವಳೇ, ಮೊದಲ ಅಕ್ಷರ ತಿದ್ದಿಸಿದವಳೂ ಅವಳೇ. ಗಂಡ ಥಾಯ್ಲೆಂಡಿನ ಮೀನಿನ ಕಾರ್ಖಾನೆಯಲ್ಲಿದ್ದ. ಅವಳು ಮಗಳು ನೋನ್‌ಳನ್ನು ಕಟ್ಟಿಕೊಂಡು ದ್ವೀಪದಲ್ಲೇ ಇದ್ದು, ಬೇಸಿಗೆ ರಜೆಯಲ್ಲಿ ಊರ ವಿಹಾರದ ಜಗಲಿಯಲ್ಲಿ ಮಕ್ಕಳಿಗೆ ಮೊನ್ ಓದು ಬರಹ ಕಲಿಸುತ್ತಿದ್ದಳು. ಸರ್ಕಾರಿ ಶಾಲೆಯಲ್ಲಿ ಬರ್ಮೀ ಮಾತ್ರ. ಮೊನ್ ಕಲಿಯಬೇಕಾದರೆ ಆ ಜಗಲಿಯೇ ಗತಿ.

ವಿಹಾರದಲ್ಲಿ ಕಂಪ್ಯೂಟರ್ ಬಲ್ಲ ಒಬ್ಬ ಭಿಕ್ಷು ಇದ್ದರು. ಅವರು ಸಂದೀಯ ಫೋನಿಗೆ ಪೇಟೆಯದನ್ನು ತೆಗೆದು ಕಟ್ಟಳೆಯ ಫಾಂಟನ್ನೇ ಹಾಕಿಕೊಟ್ಟರು. ಅವತ್ತೇ ಸಂಜೆ ಅವಳು ತಮ್ಮನಿಗೆ ಮೊದಲ ಸಂದೇಶ ಬರೆದಳು, ಮೊನ್‌ನಲ್ಲಿ. ಅಂಗಡಿಯಲ್ಲಿ ಸೀಹನ ಫೋನು ಗಾಜಿನ ಮೇಲೆ ಬಿದ್ದಿತ್ತು. ಜೊತೆಗೆ ಕೆಲಸ ಮಾಡುವ ಕೋ ಪ್ಯೇ ಬಗ್ಗಿ ನೋಡಿದ.

“ಏನೋ ತಿಹಾ, ಯಾವುದೋ ಮಂತ್ರ ಬಂದಿದೆ. ಕೊನೇಲಿ ಸಂದು ಅಂತ ಸಹಿ. ಯಾರೋ ಈ ಸಂದು?”

ಸೀಹ ನೋಡಿದ. ಈಕಾರ ಇದ್ದ ಕಡೆಯಲ್ಲೆಲ್ಲ ತಲೆಯ ಮೇಲಿರಬೇಕಾದ ಗುಡಿಸು ಮಾಯವಾಗಿ ಕಾಲ ಬುಡದಲ್ಲಿ ಉದ್ದ ಕೊಂಬು ನಿಂತಿತ್ತು. ಅವನ ಹೆಸರು ಸುಹ, ಅಕ್ಕನ ಹೆಸರು ಸಂದು. ಮಿಕ್ಕ ಕೆಲವು ಅಕ್ಷರಗಳ ಜಾಗದಲ್ಲೂ ಯಾವಯಾವುದೋ ಬರ್ಮೀ ಒತ್ತುಗಳು ಕೂತಿದ್ದವು. ತಲೆಬುಡ ತಿಳಿಯಲಿಲ್ಲ. ಫೋನು ಮಾಡಿದ.

“ಅಕ್ಕ, ನೀನು ಬರೆದದ್ದು ಇಲ್ಲಿ ಓದೋಕಾಗಲ್ಲ.”

“ಯಾಕೆ? ಮೊನ್ ಮರೆತುಹೋಯ್ತಾ, ಪಟ್ಟಣದ ಸಾಹೇಬರಿಗೆ?”

“ಅಯ್ಯೋ ಅದಲ್ಲ. ನನ್ನ ಫೋನಲ್ಲಿರೋ ಫಾಂಟು ಬೇರೆ. ನಮ್ಮ ಈಕಾರದ ಜಾಗದಲ್ಲಿ ಬರ್ಮೀ ಕೊಂಬು ಕೂತಿದೆ.”

“ಬರ್ಮೀಯರಿಗೆ ಅಕ್ಷರ ಕಲಿಸಿದವರು ನಾವು, ಕೂರೋಕೆ ಜಾಗ ಇಲ್ಲದವರೂ ನಾವೇನಾ? ಎದ್ದೇಳಿಸು ಅವನನ್ನ.”

“ಎದ್ದೇಳ್ಸೋಕೆ ನಾನ್ಯಾರು? ಒಂದು ಫೋನಲ್ಲಿ ಒಂದೇ ಫಾಂಟು ಇರಕ್ಕಾಗೋದು. ನಿನ್ನದನ್ನ ಹಾಕ್ಕೊಂಡ್ರೆ ಗಿರಾಕಿಗಳು ಕಳಿಸಿದ್ದೊಂದೂ ನನಗೆ ಓದೋಕಾಗಲ್ಲ. ನೀನು ಬರ್ಮೀಲಿ ಬರೆದುಬಿಡು, ಸುಲಭ.”

“ನಿನಗೆ ನಾನು ಬರ್ಮೀಲಿ ಬರೀಬೇಕಾ?” ಅಂದಳು ಅಕ್ಕ. ಕೋಪದಿಂದಲ್ಲ, ಅರ್ಥವಾಗದವಳ ಹಾಗೆ.

ಮಾರನೆಯ ದಿನ ಫೋನಿಗೊಂದು ಚಿತ್ರ ಬಂತು. ಸ್ಲೇಟಿನ ಚಿತ್ರ. ಅಪ್ಪನ ಕೈಯ ಸ್ಲೇಟು, ತೇಗದ ಚೌಕಟ್ಟಿನದು. ಅದರ ಮೇಲೆ ಬಳಪದಲ್ಲಿ ಅಕ್ಕನ ದುಂಡು ಅಕ್ಷರ. “ಸೀಹನಿಗೆ. ಈಗ ಓದೋಕಾಗುತ್ತೇನಪ್ಪ? ಕೆಂಪು ಹಸು ಕರು ಹಾಕಿದೆ. ನೋನ್‌ಗೆ ಮುಂದಿನ ಹಲ್ಲು ಬಿದ್ದಿದೆ. ಊಟ ಸರಿಯಾಗಿ ಮಾಡು.”

ಅವನಿಗೆ ನಗು ಬಂತು. ಆಮೇಲೆ ವಾರಕ್ಕೆ ಎರಡು ಮೂರು ಸ್ಲೇಟು ಬರತೊಡಗಿದವು. ತೆಂಗಿನಕಾಯಿ ಕೀಳುವವನು ಮರದಿಂದ ಬಿದ್ದದ್ದು, ಆಚೆ ದಡದ ಮೌಲಮ್ಯೈನ್ ಪಟ್ಟಣಕ್ಕೆ ಹೋಗುವ ದೋಣಿ ಕೆಟ್ಟು ನಡು ಹೊಳೆಯಲ್ಲಿ ನಿಂತದ್ದು, ಹೊಸವರ್ಷದ ನೀರನ್ನಕ್ಕೆ ಈ ಸಲ ಒಣಮೀನು ಚೆನ್ನಾಗಿ ಸಿಗಲಿಲ್ಲ ಅನ್ನುವುದು. ಕೆಲವು ಸಲ ಕೆಳಗೆ ಜಾಗ ಸಾಲದೆ ಚೌಕಟ್ಟಿನ ಮೇಲೂ ಬರೆದಿರುತ್ತಿದ್ದಳು. ಸೀಹ ಮೊದಲು ಓದಿ ನಗುತ್ತಿದ್ದ, ಆಮೇಲೆ ಓದಿ ಸುಮ್ಮನಾಗುತ್ತಿದ್ದ, ಆಮೇಲಾಮೇಲೆ ರಾತ್ರಿ ಓದಿದರಾಯಿತು ಅಂತ ಬಿಟ್ಟು ಮರೆಯುತ್ತಿದ್ದ. ಕೋ ಪ್ಯೇಗೆ ಅದೊಂದು ತಮಾಷೆಯಾಯಿತು. “ತಿಹಾ, ನಿಮ್ಮೂರಿಂದ ಕಲ್ಲು ಬಂತು ನೋಡು,” ಅನ್ನುತ್ತಿದ್ದ. ಊ ಸೋ ನೈಂಗರ ತಂಗಿಯ ಮಗಳು ಖಿನ್ ಸಬೈ ಆಗಾಗ ಅಂಗಡಿಗೆ ಬರುತ್ತಿದ್ದಳು, ಸೀಹನಿಗೆ ಅವಳ ಮೇಲೆ ಮನಸ್ಸಿತ್ತು. ಒಂದು ದಿನ ಅವಳ ಎದುರಿಗೇ ಕೋ ಪ್ಯೇ ಆ ಮಾತು ಆಡಿದ. ಅವಳು ನಗಲೂ ಇಲ್ಲ. “ಪಾಪ, ಅಲ್ಲಿ ಇನ್ನೂ ಸ್ಲೇಟಲ್ಲೇ ಬರೀತಾರಾ?” ಅಂದಳು. ಆ ಪಾಪ ಅನ್ನುವ ಮಾತು ಸೀಹನಿಗೆ ನಾಟಿತು.

ಅವತ್ತು ಅವನು ಅಕ್ಕನಿಗೆ ಬರೆದ, ಬರ್ಮೀಯಲ್ಲಿ: “ಸ್ಲೇಟು ಕಳಿಸೋದು ಸಾಕು ಅಕ್ಕ. ಜನ ನಗ್ತಾರೆ. ಈಗ ಯಾರೂ ಹೀಗೆ ಬರೆಯಲ್ಲ.” ಅದನ್ನು ಓದಲು ಅವಳು ಪಕ್ಕದ ಮನೆಯ ಫೋನು ಇಸಕೊಂಡಳಂತೆ. ಅವಳ ಫೋನಿನಲ್ಲಿ ಅವನ ಬರ್ಮೀ ಚೆಲ್ಲಾಪಿಲ್ಲಿಯಾಗಿ ಕಂಡಿತ್ತು. ಅದು ಅವನಿಗೆ ಬಹಳ ಕಾಲದ ಮೇಲೆ ಗೊತ್ತಾಯಿತು. ವಾರ ಬಿಟ್ಟು ಅಕ್ಕನಿಂದ ಒಂದು ಸಂದೇಶ ಬಂತು. ಪೇಟೆಯ ಫಾಂಟಿನಲ್ಲಿ, ಬರ್ಮೀಯಲ್ಲಿ, ಒಂದೇ ಮಾತು: “ಸರಿ.” ಅಂದರೆ ಅವಳು ಭಿಕ್ಷು ಹಾಕಿಕೊಟ್ಟ ಫಾಂಟನ್ನು ತೆಗೆಸಿದ್ದಳು. ಅಲ್ಲಿಂದ ಮುಂದೆ ಅಕ್ಕ ತಮ್ಮಂದಿರ ಮಾತೆಲ್ಲ ಬರ್ಮೀಯಲ್ಲೇ ನಡೆಯಿತು. ಚೆನ್ನಾಗಿದ್ದೀಯಾ, ಚೆನ್ನಾಗಿದ್ದೀನಿ, ದುಡ್ಡು ಮುಟ್ಟಿತು. ಕರು ಹಾಕಿದ ಸುದ್ದಿ, ಹಲ್ಲು ಬಿದ್ದ ಸುದ್ದಿ ನಿಂತುಹೋದವು. ನಿಂತಿವೆ ಅಂತ ಸೀಹನಿಗೆ ಆಗ ಹೊಳೆಯಲೂ ಇಲ್ಲ.

ಅದಾದ ಎರಡು ವರ್ಷಕ್ಕೆ ಯಾಂಗೋನಿನಲ್ಲಿ ಒಂದು ಸಭೆಯಾಯಿತು. ಮೊನ್, ಶಾನ್, ಕರೆನ್ ಭಾಷೆಗಳ ಮೇಷ್ಟ್ರುಗಳು, ಕಂಪ್ಯೂಟರ್ ಕಲಿತ ಕೆಲವರು ಸೇರಿ ಫೋನಿನ ಅಂಗಡಿಯವರನ್ನು ಕರೆದಿದ್ದರು. ಹೊಸ ಫೋನು ಮಾರುವಾಗ ಕಟ್ಟಳೆಯ ಫಾಂಟನ್ನೇ ಹಾಕಿಕೊಡಿ ಅಂತ ಕೇಳುವುದಕ್ಕೆ. ಬರ್ಮೀಗೂ ಅದರಲ್ಲಿ ಏನೂ ಕೊರತೆಯಿಲ್ಲ, ಉಳಿದವರಿಗೂ ಜಾಗವಿದೆ, ಅಂಗಡಿಯವರು ಮನಸ್ಸು ಮಾಡಿದರೆ ವರ್ಷದಲ್ಲಿ ಊರೆಲ್ಲ ಬದಲಾಗುತ್ತದೆ ಅಂತ ಅವರ ವಾದ. ಅಂಗಡಿಯವರು ಬಂದದ್ದು ಊಟವಿದೆ ಅಂತ. ಊ ಸೋ ನೈಂಗ್ ಜೊತೆಗೆ ಸೀಹನನ್ನೂ ಕರೆದೊಯ್ದರು.

ಮೊನ್‌ನವರ ಪರವಾಗಿ ಮಾತಾಡಲು ಎದ್ದವಳು ಮಿ ಸಂದೀ. ಬರುತ್ತೇನೆ ಅಂತ ತಮ್ಮನಿಗೆ ಹೇಳಿರಲಿಲ್ಲ. ಹಬ್ಬದ ದಿನ ಮೊನ್ ಹೆಂಗಸರು ಉಡುವ ಕೆಂಪು ಲುಂಗಿ ಉಟ್ಟಿದ್ದಳು, ಹೆರಳಿಗೆ ಬಾಚಣಿಗೆ ಸಿಕ್ಕಿಸಿದ್ದಳು. ತಮ್ಮನನ್ನು ಕಂಡು ಅವಳ ಮುಖ ಅರಳಿತು. ತುಂಬಿದ ಸಭೆಯಲ್ಲಿ ತನ್ನವರೊಬ್ಬರು ಸಿಕ್ಕಿದರಲ್ಲ ಅನ್ನುವ ಹಾಗೆ.

ಅವಳ ಬರ್ಮೀ ಪುಸ್ತಕದ ಬರ್ಮೀ. ಒಂದೊಂದೇ ಪದ ತೂಗಿ ಇಟ್ಟಳು. “ನಮ್ಮ ಮಕ್ಕಳು ನನ್ನ ಹತ್ರ ಬೇಸಿಗೇಲಿ ಅಕ್ಷರ ಕಲೀತಾರೆ. ಮನೆಗೆ ಹೋಗಿ ಫೋನಲ್ಲಿ ಬರೆದು ನೋಡ್ತಾರೆ. ಬರಲ್ಲ. ಮಾರನೇ ದಿನ ಬಂದು, ಟೀಚರ್, ಈ ಅಕ್ಷರ ನಿಜವಾಗ್ಲೂ ಇದೆಯಾ ಅಂತ ನನ್ನೇ ಕೇಳ್ತಾರೆ. ನಾನು ಕಲಿಸಿದ್ದು ಸುಳ್ಳು, ಫೋನು ಹೇಳಿದ್ದು ನಿಜ ಅಂತಾಗಿದೆ. ನಾವು ನಿಮ್ಮದೇನೂ ಕೇಳ್ತಿಲ್ಲ. ನಮ್ಮ ಜಾಗ ನಮಗೆ ಬಿಟ್ಟುಕೊಡಿ ಅಂತಿದ್ದೀವಿ.”

ಹಿಂದಿನ ಸಾಲಿನಿಂದ ಒಬ್ಬ ಅಂಗಡಿಯವನು ಕೇಳಿದ: “ಟೀಚರಮ್ಮ, ನಿಮ್ಮ ಭಾಷೇಲಿ ಫೋನು ಬೇಕು ಅನ್ನೋ ಗಿರಾಕಿಗಳು ಎಷ್ಟು ಜನ ಇದಾರೆ? ಒಂದು ದೋಣಿ ತುಂಬ್ತಾರಾ?”

ಸಭೆ ನಕ್ಕಿತು. ಕೆಟ್ಟ ನಗುವೇನಲ್ಲ, ಊಟಕ್ಕೆ ಮುಂಚಿನ ನಗು. ಊ ಸೋ ನೈಂಗ್ ಒಳ್ಳೆಯ ಮನುಷ್ಯರು, ಅವರಿಗೆ ಅದು ಹಿಡಿಸಲಿಲ್ಲ. “ತಮಾಷೆ ಬೇಡಪ್ಪ,” ಅಂದು ಪಕ್ಕಕ್ಕೆ ತಿರುಗಿದರು. “ತಿಹಾ, ನೀನು ಅದೇ ಕಡೆಯವನಲ್ವಾ. ನೀನೇ ಹೇಳು. ನಮ್ಮ ಅಂಗಡೀಲಿ ಯಾರಾದ್ರೂ ಇದನ್ನ ಕೇಳಿದಾರಾ?”

ಎಲ್ಲರೂ ಅವನ ಕಡೆ ನೋಡಿದರು. ಅಕ್ಕನೂ ನೋಡಿದಳು. ಅವಳ ಕಣ್ಣಿನಲ್ಲಿ ಏನೂ ಬೇಡಿಕೆ ಇರಲಿಲ್ಲ. ಅವನು ಹೇಳಿಯೇ ಹೇಳುತ್ತಾನೆ ಅಂತ ನಂಬಿದವಳ ಹಾಗೆ ನಿಂತಿದ್ದಳು. ಹೇಳುವುದೇನೂ ಕಷ್ಟವಿರಲಿಲ್ಲ. ಹೌದು ಸಾರ್, ನಮ್ಮಕ್ಕ ಕೇಳಿದಾರೆ, ಅವರೇ ಇವರು, ಅಂದರೆ ಆಗುತ್ತಿತ್ತು. ಮೂರನೆಯ ಸಾಲಿನಲ್ಲಿ ಖಿನ್ ಸಬೈಯ ಅಪ್ಪ ಕೂತಿದ್ದರು, ಅವರದೂ ಫೋನಿನ ಅಂಗಡಿಯೇ. ಸೀಹ ಕೈಯಲ್ಲಿದ್ದ ಫೋನು ನೋಡಿಕೊಂಡ.

“ಇಲ್ಲ ಸಾರ್. ಯಾರೂ ಕೇಳಿಲ್ಲ.”

ಸಂದೀ ಕೂತುಕೊಂಡಳು. ಆಮೇಲೆ ಶಾನ್‌ನವರೊಬ್ಬರು ಮಾತಾಡಿದರು, ಕರೆನ್‌ನವರು ಮಾತಾಡಿದರು. ನೋಡೋಣ ಅಂತ ಹೇಳಿ ಅಂಗಡಿಯವರು ಊಟಕ್ಕೆ ಎದ್ದರು.

ಮಧ್ಯಾಹ್ನದ ಮೇಲೆ ಬಸ್ ನಿಲ್ದಾಣಕ್ಕೆ ಸೀಹ ಓಡಿಕೊಂಡು ಹೋದ. ಅಕ್ಕನಿಗೆ ಇಷ್ಟವಾದ ಅಂಟಕ್ಕಿಯ ತಿಂಡಿ ಕಟ್ಟಿಸಿಕೊಂಡಿದ್ದ. ಅವಳು ಕಿಟಕಿಯ ಪಕ್ಕ ಕೂತಿದ್ದಳು, ಪೊಟ್ಟಣ ಇಸಕೊಂಡಳು.

“ಬರ್ತೀನಿ ಅಂತ ಹೇಳಬಾರದಿತ್ತಾ ಅಕ್ಕ?”

“ನೀನು ಇರ್ತೀಯ ಅಂತ ನನಗೂ ಗೊತ್ತಿರಲಿಲ್ಲ.”

“ಯಜಮಾನರ ಎದುರಿಗೆ ಏನು ಹೇಳ್ಲಿ ನಾನು? ನನ್ನ ಕಷ್ಟ ನಿನಗೆ ಗೊತ್ತಾಗಲ್ಲ.”

“ಬಿಸಿಲಲ್ಲಿ ನಿಂತ್ಕೋಬೇಡ, ಹೋಗು,” ಅಂದಳು ಅಕ್ಕ. ಬಸ್ಸು ಹೊರಟಿತು.

ಖಿನ್ ಸಬೈಯ ಮದುವೆ ಬೇರೆಯವನ ಜೊತೆ ಆಯಿತು. ಸೀಹ ಕೆಲವು ದಿನ ಮಂಕಾಗಿದ್ದು, ಆಮೇಲೆ ದುಡಿದ ದುಡ್ಡು ಕೂಡಿಸಿ ಸಣ್ಣದೊಂದು ಸ್ವಂತ ಅಂಗಡಿ ಇಟ್ಟ. ದ್ವೀಪಕ್ಕೆ ಸೇತುವೆಯಾಯಿತು, ದೋಣಿ ನಿಂತಿತು ಅಂತ ಕೇಳಿದ. ಹೋಗಿ ನೋಡುವ ಮನಸ್ಸಿತ್ತು, ಹೋಗಲಿಲ್ಲ.

ಸಭೆ ಕರೆದು ಬೇಡಿಕೊಂಡಾಗ ಆಗದೆ ಇದ್ದದ್ದು ಮೂರು ವರ್ಷದ ಮೇಲೆ ತಾನಾಗಿ ಆಯಿತು. ಮಳೆಗಾಲದ ಕೊನೆಗೆ ಸರ್ಕಾರವೇ ಮುಂದೆ ಬಂದು, ದೇಶವೆಲ್ಲ ಇನ್ನು ಕಟ್ಟಳೆಯ ಫಾಂಟಿಗೆ ಬದಲಾಗಬೇಕು ಅಂತ ದಿನ ಗೊತ್ತುಮಾಡಿತು. ಹಳೆಯದಿದ್ದವರು ಸಾಲುಗಟ್ಟಿ ಬಂದು ಬದಲಾಯಿಸಿಕೊಂಡು ಹೋದರು. ಸೀಹ ಬೆಳಗಿನಿಂದ ಸಂಜೆಯವರೆಗೆ ಅದೇ ಕೆಲಸ ಮಾಡಿದ. ಇಷ್ಟು ವರ್ಷ ಈಕಾರದ ಕುರ್ಚಿಯಲ್ಲಿ ಯಾರನ್ನು ಕೂರಿಸಿದ್ದನೋ ಅವನನ್ನೇ ಒಂದೊಂದು ಫೋನಿನಿಂದಲೂ ಎಬ್ಬಿಸಿದ. ಯಾರೂ ಸಾಯಲಿಲ್ಲ, ಯಾರ ವ್ಯಾಪಾರವೂ ಮುಳುಗಲಿಲ್ಲ. ಇಷ್ಟೇನಾ ಇದು, ಅನ್ನಿಸಿತು ಅವನಿಗೆ. ಇಷ್ಟೇ ಆಗಿದ್ದರೆ ಅವತ್ತು ಬಾಯಿ ಬಿಡುವುದಕ್ಕೆ ಏನು ದಾಡಿಯಾಗಿತ್ತು?

ಭಿಕ್ಷುಗಳ ವರ್ಷಾವಾಸ ಮುಗಿದು ಊರೆಲ್ಲ ದೀಪ ಹಚ್ಚುವ ಹುಣ್ಣಿಮೆಗೆ ಅಂಗಡಿಗೆ ಬೀಗ ಹಾಕಿ ಊರಿಗೆ ಹೊರಟ. ಮೌಲಮ್ಯೈನಿನಲ್ಲಿ ಬಸ್ಸಿಳಿದು, ಬಾಡಿಗೆ ಬೈಕಿನ ಹಿಂದೆ ಕೂತು ಸೇತುವೆ ದಾಟಿದ. ಅಕ್ಕ ಅಂಗಳದಲ್ಲಿ ಕೊಬ್ಬರಿ ಒಣಹಾಕುತ್ತಿದ್ದಳು. ಕೂದಲು ನರೆತಿತ್ತು. “ಬಂದ್ಯಾ, ಕಾಲು ತೊಳ್ಕೋ,” ಅಂದಳು, ನಿನ್ನೆ ಹೋದವನು ಬಂದಹಾಗೆ.

ಊಟವಾದ ಮೇಲೆ ಸೀಹ ಅವಳ ಫೋನು ಕೇಳಿ ಇಸಕೊಂಡು ಎಲ್ಲ ಸರಿಮಾಡಿದ. ಮೊನ್ ಅಕ್ಷರದ ಕೀಲಿಮಣೆ ಹಾಕಿದ. ಅವಳ ಹೆಸರು ಬರೆದು ತೋರಿಸಿದ. ಈಕಾರ ತನ್ನ ಜಾಗದಲ್ಲಿ, ತಲೆಯ ಮೇಲೆ, ಕೂತಿತ್ತು.

“ನೋಡು ಅಕ್ಕ. ಇನ್ನು ಯಾರ ಫೋನಲ್ಲಾದರೂ ಹೀಗೇ ಕಾಣುತ್ತೆ.”

ಅವಳು ದೂರ ಹಿಡಿದು ನೋಡಿದಳು. “ಚೆನ್ನಾಗಿದೆ,” ಅಂದು ವಾಪಸ್ಸು ಕೊಟ್ಟಳು.

“ಶಾಲೆ ಮಕ್ಕಳ ಫೋನಿಗೂ ಹಾಕಿಕೊಡ್ತೀನಿ. ನಾಳೆ ಎಲ್ಲರನ್ನೂ ಕರೆಸು.”

“ಯಾವ ಶಾಲೆ?” ಅಂದಳು ಸಂದೀ. “ಎರಡು ಬೇಸಿಗೆಯಿಂದ ನಡೆದಿಲ್ಲ. ಕೊನೇ ಸಲ ನಡೆದಾಗ ಮೂರೇ ಜನ ಬಂದ್ರು, ಅದರಲ್ಲಿ ಇಬ್ಬರು ಅಕ್ಕತಂಗಿಯರು. ಫೋನಲ್ಲೂ ಬರ್ದೇ ಇರೋದನ್ನ ಕಲಿತು ಏನು ಮಾಡ್ತಾರೆ ಅಂತ ತಾಯ್ತಂದೆ ಕಳಿಸಲ್ಲ. ಅವರದೇನು ತಪ್ಪು.”

ಅವನಿಗೆ ಯಾರೂ ಹೇಳಿರಲಿಲ್ಲ. ಅವನು ಕೇಳಿಯೂ ಇರಲಿಲ್ಲ. ಚೆನ್ನಾಗಿದ್ದೀಯಾ ಅಂತ ಬರೆದಾಗಲೆಲ್ಲ ಚೆನ್ನಾಗಿದ್ದೀನಿ ಅಂತ ಬಂದಿತ್ತು.

ನೋನ್ ಈಗ ಹೈಸ್ಕೂಲಿಗೆ ಹೋಗುವ ಹುಡುಗಿ. ಮಾವನ ಪಕ್ಕ ಕೂತು ತನ್ನ ಫೋನು ಕೊಟ್ಟಳು. ಅಮ್ಮನ ಹೆಸರು ಬರಿ ಅಂದ ಸೀಹ. ಅವಳು ಸರಸರನೆ ಬರೆದಳು, ಬರ್ಮೀಯ ದೀರ್ಘ ಹಾಕಿ.

“ಇದಲ್ಲ ಮಗೂ, ನಮ್ಮದು ಬೇರೆ.”

“ಎರಡೂ ಒಂದೇ ಅಲ್ವಾ ಮಾವ? ನಾವೆಲ್ಲ ಹೀಗೇ ಬರಿಯೋದು. ಅದು ಫೋನಲ್ಲಿ ಬರ್ತಾನೇ ಇರಲಿಲ್ಲವಲ್ಲ.”

“ಈಗ ಬರುತ್ತೆ.”

“ಬರ್ಲಿ ಬಿಡಿ. ಹೀಗೆ ಬರೆದ್ರೂ ಗೊತ್ತಾಗುತ್ತಲ್ಲ,” ಅಂದಳು ಹುಡುಗಿ. ಅವಳ ಮಾತಿನಲ್ಲಿ ಹಟವಿರಲಿಲ್ಲ, ತಾತ್ಸಾರವೂ ಇರಲಿಲ್ಲ. ಸೀಹ ಸರಿಯಾದ ಹೆಸರನ್ನೂ ಜೊತೆಗೆ ನಾಲ್ಕು ಸಾಲು ಮೊನ್ ಅನ್ನೂ ಬರೆದು ತೋರಿಸಲು ಹೋದ. ಮೊದಲ ಸಾಲು ಬರೆದ, ಎರಡನೆಯದರಲ್ಲಿ ಒಂದು ಪದಕ್ಕೆ ಕೈ ತಡೆಯಿತು. ಯಾವ ಒತ್ತು ಬರಬೇಕು ಅಂತ ನೆನಪಾಗಲಿಲ್ಲ. ಒಳಗಿದ್ದ ಅಕ್ಕನನ್ನು ಕೂಗಿ ಕೇಳಬೇಕಾಯಿತು. ಅವಳು ಪಾತ್ರೆ ತೊಳೆಯುತ್ತಲೇ ಹೇಳಿದಳು.

ಸಂಜೆ ಎಲ್ಲರೂ ವಿಹಾರಕ್ಕೆ ದೀಪ ಹಚ್ಚಲು ಹೋದರು. ಜಗಲಿಯ ಮೂಲೆಯಲ್ಲಿ ಕಪ್ಪು ಹಲಗೆ ಗೋಡೆಗೆ ಒರಗಿತ್ತು, ಯಾರೋ ಅದರ ಮೇಲೆ ಚಾಪೆ ನೇತುಹಾಕಿದ್ದರು. ನೋನ್ ಗೆಳತಿಯರ ಜೊತೆ ಮುಂದೆ ಹೋದಳು. ಅಕ್ಕ ತಮ್ಮ ಇಬ್ಬರೇ ಉಳಿದರು. ಸೀಹ ಬಹಳ ಹೊತ್ತು ಬತ್ತಿ ಸರಿಮಾಡುತ್ತಾ ಇದ್ದು ಕೊನೆಗೆ ಹೇಳಿದ.

“ಆ ಸಭೇಲಿ ನಾನು ಹಾಗೆ ಹೇಳಬಾರದಿತ್ತು ಅಕ್ಕ.”

ಸಂದೀ ಕೈಯಲ್ಲಿದ್ದ ದೀಪ ಕಟ್ಟೆಯ ಮೇಲಿಟ್ಟಳು. “ನೀನೇನು ಸುಳ್ಳು ಹೇಳಲಿಲ್ಲ. ಗಿರಾಕಿ ಯಾರಾದ್ರೂ ಕೇಳಿದಾರಾ ಅಂದ್ರು. ಕೇಳಿದ್ದು ನಾನೊಬ್ಬಳು. ನಾನು ನಿನಗೆ ಗಿರಾಕಿ ಅಲ್ಲವಲ್ಲ.”

“ಆಗಲೇ ಹೇಳಿದ್ದಿದ್ರೆ ಶಾಲೆ ಉಳೀತಿತ್ತೇನೋ.”

“ಉಳೀತಿತ್ತೋ ಇಲ್ಲವೋ, ಅದು ಯಾರಿಗೆ ಗೊತ್ತು. ನೀನೊಬ್ಬ ಹೇಳಿದ್ರೆ ಅವರೆಲ್ಲ ಕೇಳಿಬಿಡ್ತಿದ್ರಾ? ಇಲ್ಲ.” ಅವಳು ಕೈಗೆ ಅಂಟಿದ ಎಣ್ಣೆ ಒರೆಸಿಕೊಂಡಳು. “ನನಗೆ ಬೇಜಾರಾಗಿದ್ದು ಸಭೆಯದಲ್ಲ. ಸ್ಲೇಟು ಬೇಡ ಅಂದೆಯಲ್ಲ, ಅದು. ದಿನಾ ರಾತ್ರಿ ನಿನಗೆ ಏನು ಬರೀಲಿ ಅಂತ ಯೋಚನೆ ಮಾಡ್ತಾ ಇದ್ದೆ ನಾನು. ಆಮೇಲೆ ಆ ಯೋಚನೆ ಮಾಡೋದೇ ಬಿಟ್ಟುಹೋಯ್ತು. ಈಗ ಬರಿ ಅಂದ್ರೂ ಏನು ಬರೀಬೇಕು ಅಂತ ಗೊತ್ತಾಗಲ್ಲ.”

ಅವಳು ಎದ್ದು ಇನ್ನೊಂದು ದೀಪಕ್ಕೆ ಎಣ್ಣೆ ಹಾಕಿದಳು. “ನಾಳೆ ಎಷ್ಟು ಹೊತ್ತಿಗೆ ಬಸ್ಸು?” ಅಂತ ಕೇಳಿದಳು.

ಯಾಂಗೋನಿಗೆ ವಾಪಸ್ಸು ಬಂದ ಮೇಲೆ ಸೀಹ ಪ್ರತಿ ಭಾನುವಾರ ಅಕ್ಕನಿಗೆ ಮೊನ್‌ನಲ್ಲಿ ಬರೆಯತೊಡಗಿದ. ಮೊದಮೊದಲು ನಾಲ್ಕು ಸಾಲಿಗೆ ಬೆವರುತ್ತಿದ್ದ, ಆಮೇಲೆ ಕೈ ಸ್ವಲ್ಪ ಪಳಗಿತು. ಅಂಗಡಿಗೆ ಬಂದ ಗಿರಾಕಿಯ ಜಗಳ, ಮಾಳಿಗೆಯ ಮೇಲೆ ಪಾರಿವಾಳ ಮೊಟ್ಟೆ ಇಟ್ಟದ್ದು, ಕೋ ಪ್ಯೇಗೆ ಅವಳಿ ಮಕ್ಕಳಾದದ್ದು. ಅವಳು ಉತ್ತರ ಬರೆಯುತ್ತಿದ್ದಳು, ಬರ್ಮೀಯಲ್ಲಿ, ಒಂದು ಸಾಲು. ಓದಿದೆ. ಚೆನ್ನಾಗಿದ್ದೇವೆ. ಮೊನ್‌ನಲ್ಲಿ ಬರಿ ಅಂತ ಅವನು ಕೇಳಲಿಲ್ಲ. ಕೇಳುವ ಹಕ್ಕು ಯಾವತ್ತೋ ಹೋಯಿತು ಅಂತ ಅವನಿಗೆ ಗೊತ್ತಿತ್ತು.

ಚಳಿ ಮುಗಿಯುವ ಹೊತ್ತಿಗೆ ಒಂದು ಸಲ ಉತ್ತರ ಕೊಂಚ ಉದ್ದ ಬಂತು. ಅದೂ ಬರ್ಮೀಯಲ್ಲೇ: “ಪಾರಿವಾಳ ಅನ್ನೋದಕ್ಕೆ ನೀನು ಹಾಕಿರೋ ಒತ್ತು ತಪ್ಪು. ಚಿಕ್ಕವನಿದ್ದಾಗಲೂ ಅದನ್ನೇ ತಪ್ಪು ಮಾಡ್ತಿದ್ದೆ.”

ಸೀಹ ತಿದ್ದಿ ಮತ್ತೆ ಕಳಿಸಿದ. ಅವಳು ಅದನ್ನು ನೋಡಿದಳು ಅಂತ ಫೋನು ತೋರಿಸಿತು. ಮರುಮಾತು ಬರಲಿಲ್ಲ.